ಪಚ್ಚಿ ತರಗೆಲೆಯ ಬಣ್ಣ ಉಟ್ಟಳು

ಲೋಕ ಆಗ ತಾನೇ ಮಾಡಿಟ್ಟ ಹಾಗಿತ್ತು. ಬೆಟ್ಟಗಳು ಇನ್ನೂ ಸರಿಯಾಗಿ ಒಣಗಿರಲಿಲ್ಲ, ಒರಗಿಕೊಂಡರೆ ಬೆನ್ನಿಗೆ ಮಣ್ಣು ಮೆತ್ತುತ್ತಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ದಿನಾ ಬೆಳಿಗ್ಗೆ ಯಾರಾದರೂ ನೆನಪಿಸಬೇಕಿತ್ತು. ಮರ, ಗಾಳಿ, ಹುಳ, ಹಕ್ಕಿ, ಮನುಷ್ಯ ಎಲ್ಲರಿಗೂ ಒಂದೇ ಮಾತು ಬರುತ್ತಿತ್ತು. ಹಾಗಾಗಿ ಗಲಾಟೆಯೂ ಜಾಸ್ತಿಯೇ ಇತ್ತು.

ಮರಿಗಳನ್ನು ಮಾಡುವುದು ಹೇಗೆ ಎಂದು ಆಗ ಒಬ್ಬೊಬ್ಬರೂ ಒಂದೊಂದು ದಾರಿ ಹುಡುಕಿಕೊಳ್ಳುತ್ತಿದ್ದರು. ಕೋಳಿ ತನ್ನ ಮೊಟ್ಟೆಯ ಮೇಲೆ ಕೂತು ನೋಡಿತು, ಚೆನ್ನಾಗಿದೆ ಎನಿಸಿ ಅಲ್ಲೇ ಉಳಿಯಿತು. ಮೀನು ಮೊಟ್ಟೆಗಳನ್ನೆಲ್ಲ ನೀರಿಗೆ ಚೆಲ್ಲಿ, ನಿಮ್ಮ ಪಾಡು ನಿಮಗೆ ಎಂದಿತು. ಕಾಗೆ ಕಡ್ಡಿ ತಂದು ಗೂಡು ಕಟ್ಟಿತು. ಕೋಗಿಲೆ ಏನು ಮಾಡಿತು ಎಂದು ನಿಮಗೆ ಗೊತ್ತೇ ಇದೆ, ಆ ಮಾತು ಈಗ ಬೇಡ.

ಕಿರುಗೋಸುಂಬೆಗೆ ಮಾತ್ರ ಯಾವ ದಾರಿಯೂ ಹೊಳೆದಿರಲಿಲ್ಲ. ಕಿರುಗೋಸುಂಬೆ ಎಂದರೆ ನಿಮ್ಮ ಹೆಬ್ಬೆರಳಿನಷ್ಟು ಉದ್ದದ ಪ್ರಾಣಿ. ದೊಡ್ಡ ಗೋಸುಂಬೆಗಿರುವ ಸುರುಳಿ ಬಾಲ ಇದಕ್ಕಿಲ್ಲ, ಇದರದು ಮೋಟುಬಾಲ. ಮರ ಹತ್ತುವುದಕ್ಕಿಂತ ನೆಲದ ತರಗೆಲೆಗಳ ಮೇಲೆ ಓಡಾಡುವುದೇ ಇದಕ್ಕೆ ಇಷ್ಟ. ಆಗ ಇದರ ಮೈಬಣ್ಣ ಹಸಿರು. ಅಂತಿಂಥ ಹಸಿರಲ್ಲ, ಎಳೆ ಭತ್ತದ ಪೈರಿನ ಹಸಿರು. ಕಂದು ನೆಲದ ಮೇಲೆ ಆ ಹಸಿರು ಆಚೆ ಬೆಟ್ಟಕ್ಕೂ ಕಾಣುತ್ತಿತ್ತು. ಪಾಪ, ಇವು ತರಗೆಲೆಯ ಮೇಲೆ ಮೊಟ್ಟೆ ಇಟ್ಟು ಪಕ್ಕದಲ್ಲೇ ಕಾವಲು ಕೂರುತ್ತಿದ್ದವು. ಕಾಗೆಗೆ ಅಷ್ಟು ಸಾಕಾಗಿತ್ತು. ಹಸಿರು ಕಂಡಲ್ಲಿ ಇಳಿಯುತ್ತಿತ್ತು, ತಿನ್ನುತ್ತಿತ್ತು, ಹೋಗುತ್ತಿತ್ತು.

ತಿಂದು ತಿಂದು ಕೊನೆಗೆ ಇಡೀ ಲೋಕದಲ್ಲಿ ಉಳಿದದ್ದು ಒಂದೇ ಜೋಡಿ. ಹೆಣ್ಣಿನ ಹೆಸರು ಪಚ್ಚಿ, ಗಂಡಿನ ಹೆಸರು ಮೋಟಣ್ಣ. ಪಚ್ಚಿಯ ಹೊಟ್ಟೆಯಲ್ಲಿ ಮೊಟ್ಟೆಗಳಿದ್ದವು. ಅವು ಮರಿಯಾಗದೆ ಹೋದರೆ ಕಿರುಗೋಸುಂಬೆ ಎಂಬ ಜೀವವೇ ಇಲ್ಲವಾಗುತ್ತಿತ್ತು.

ಊರೂರು ಅಲೆಯುವ ಗಾಳಿ ಅವರ ಕಿವಿಯಲ್ಲಿ ಹೇಳಿತು, "ಇಲ್ಲಿ ಕೂತು ಅಳ್ತೀರಲ್ಲ, ದ್ಯಾವಕ್ಕನ ಹತ್ರ ಹೋಗಿ. ಕಾಡಿನ ಅಂಚಲ್ಲಿ ಹೊಂಗೆಮರ ಇರೋ ಮನೆ. ಅವಳ ಕೈಗುಣ ದೊಡ್ಡದು."

ದ್ಯಾವಕ್ಕ ಲೋಕದಲ್ಲಿ ಮೊದಲು ಕೋಳಿ ಸಾಕಿದವಳು. ಕಾವಿಗೆ ಕೂರಿಸುವುದನ್ನು ಕಂಡುಹಿಡಿದವಳೂ ಅವಳೇ. ಬಾತಿನ ಮೊಟ್ಟೆ, ನವಿಲಿನ ಮೊಟ್ಟೆ, ದಾರಿಯಲ್ಲಿ ಸಿಕ್ಕಿದ ಅನಾಥ ಮೊಟ್ಟೆ, ಏನೇ ಸಿಗಲಿ, ಕೋಳಿಯ ಅಡಿ ಇಟ್ಟು ಮರಿ ಮಾಡಿಸುತ್ತಿದ್ದಳು. ಒಂದು ಮೊಟ್ಟೆಯೂ ಅವಳ ಕೈಯಲ್ಲಿ ಕೆಟ್ಟದ್ದಿಲ್ಲ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಹೊಳೆಯ ಹತ್ತಿರ ನಾಲ್ಕು ಜನ ಸೇರಿದರೆ ಆ ಮಾತು ತಾನಾಗೇ ಅವಳ ಬಾಯಿಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ಅವಳು ಅಂಗಳ ಗುಡಿಸುತ್ತಿದ್ದಾಗ ಪೊರಕೆಯ ಮುಂದೆ ಎರಡು ಹಸಿರು ಚೂರು ನಡುಗುತ್ತಾ ನಿಂತವು.

"ಅಕ್ಕಾ, ಗುಡಿಸಿ ಹಾಕ್ಬೇಡ. ನಾವು ಜೀವ ಇರೋರು," ಎಂದಳು ಪಚ್ಚಿ.

ದ್ಯಾವಕ್ಕ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಪಚ್ಚಿ ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ದ್ಯಾವಕ್ಕನ ಕಣ್ಣು ತುಂಬಿತು. ಜೊತೆಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

"ನೀ ಸರಿಯಾದ ಮನೆಗೇ ಬಂದಿದ್ದೀಯ ಕಣ್ ಮಗಾ. ನಿನ್ನ ಮೊಟ್ಟೆ ಮರಿ ಆಗೋವರ್ಗೂ ನಾನು ನೆಮ್ಮದಿಯಾಗಿ ಅನ್ನ ಉಣ್ಣಲ್ಲ."

ಅವಳ ಗಂಡ ಮಂಚಯ್ಯ ಜಗುಲಿಯ ಮೇಲಿಂದ ಕತ್ತು ಚಾಚಿ ನೋಡಿದ. "ಏನಮ್ಮೀ, ಕೋಳಿ ಆಯ್ತು, ಬಾತು ಆಯ್ತು, ಈಗ ಹಲ್ಲಿನೂ ಸಾಕ್ತೀಯಾ?"

"ಹಲ್ಲಿ ಅಲ್ಲ ಕಣ, ಗೋಸುಂಬೆ. ನೀ ಸುಮ್ಕಿರು."

ದ್ಯಾವಕ್ಕ ಬಾಯಿ ಒಡೆದ ಒಂದು ದೊಡ್ಡ ಮಣ್ಣಿನ ಗುಡಾಣವನ್ನು ಹೊಂಗೆಮರದ ನೆರಳಿಗೆ ಉರುಳಿಸಿಕೊಂಡು ಬಂದಳು. ಅದರೊಳಗೆ ಒಂದು ಗೇಣು ಮಣ್ಣು ಹಾಕಿದಳು. ಮಣ್ಣಿನ ಮೇಲೆ ಹೊಂಗೆಯ ತರಗೆಲೆ ಹರಡಿ, ಹೊಳೆಯ ದಂಡೆಯಿಂದ ಕಿತ್ತು ತಂದ ಜರಿಗಿಡ ನೆಟ್ಟಳು. ಪಚ್ಚಿ ಮತ್ತು ಮೋಟಣ್ಣ ಒಳಗಿಳಿದರು, ಸುತ್ತು ಹೊಡೆದರು, ಒಳ್ಳೆಯ ಮನೆ ಎಂದರು.

ಸಾಕುವುದೇನು ಸುಲಭವಾಗಿರಲಿಲ್ಲ. ದ್ಯಾವಕ್ಕ ಚಿಪ್ಪಿನಲ್ಲಿ ನೀರು ಇಟ್ಟರೆ ಅವರಿಬ್ಬರೂ ಅದರ ಪಕ್ಕದಲ್ಲೇ ಬಾಯಾರಿ ಕೂತಿದ್ದರು. ಅದು ನೀರು ಎಂದು ಅವರಿಗೆ ಗೊತ್ತೇ ಆಗಲಿಲ್ಲ. ಒಂದು ದಿನ ಅವಳು ಪಾತ್ರೆ ತೊಳೆದು ಬಂದು ಗುಡಾಣದ ಮೇಲೆ ಕೈ ಒದರಿದಳು. ಹನಿಗಳು ಜರಿಗಿಡದ ಮೇಲೆ ಬಿದ್ದವು. ತಕ್ಷಣ ಇಬ್ಬರೂ ಓಡಿ ಬಂದು ಒಂದೊಂದೇ ಹನಿಯನ್ನು ಚಪ್ಪರಿಸಿದರು.

"ಅಯ್ಯೋ ನನ್ ಬಂಗಾರಾ, ಮೊದ್ಲೇ ಹೇಳ್ಬಾರ್ದಾ?" ಎಂದಳು ದ್ಯಾವಕ್ಕ. ಅಂದಿನಿಂದ ದಿನಕ್ಕೆರಡು ಸಲ ಕೈ ಒದ್ದೆ ಮಾಡಿಕೊಂಡು ಬಂದು ಒದರುತ್ತಿದ್ದಳು. ಊಟಕ್ಕೆಂದು ಕೊಳೆತ ಬಾಳೆಹಣ್ಣೊಂದನ್ನು ಗುಡಾಣದ ಮೂಲೆಯಲ್ಲಿಟ್ಟಳು. ಅದಕ್ಕೆ ಸಣ್ಣ ನೊಣಗಳು ಮುತ್ತಿದವು. ಪಚ್ಚಿ ನಿಂತಲ್ಲಿಂದಲೇ ನಾಲಿಗೆ ಬಿಟ್ಟು ಪಟ್ಟೆಂದು ಹಿಡಿಯುತ್ತಿದ್ದಳು. ಮಂಚಯ್ಯನೂ ಅದನ್ನು ನೋಡಲು ಬಂದು ಕೂರುತ್ತಿದ್ದ. ಆದರೆ ನೋಡಲು ಬಂದೆ ಎಂದು ಮಾತ್ರ ಒಪ್ಪಿಕೊಳ್ಳುತ್ತಿರಲಿಲ್ಲ. ಬೆನ್ನಿಗೆ ಬಿಸಿಲು ಕಾಯಿಸುತ್ತಿದ್ದೇನೆ ಎನ್ನುತ್ತಿದ್ದ, ನೆರಳಲ್ಲಿ ಕೂತುಕೊಂಡು.

ಹೀಗೆ ಹದಿನೈದು ದಿನ ಕಳೆಯಿತು. ಪಚ್ಚಿ ಮೂರು ಮೊಟ್ಟೆ ಇಟ್ಟಳು. ಒಂದೊಂದೂ ತೊಗರಿಕಾಳಿನಷ್ಟು, ಬಿಳಿ, ಮುಟ್ಟಿದರೆ ಮೆತ್ತಗೆ.

ದ್ಯಾವಕ್ಕನಿಗೆ ಏನು ಮಾಡಬೇಕು ಎಂಬ ಅನುಮಾನವೇ ಇರಲಿಲ್ಲ. ಹೊಸ ಬುಟ್ಟಿ ತಂದಳು, ತಳಕ್ಕೆ ಮರಳು ಹಾಕಿದಳು, ಮೇಲೆ ಹುಲ್ಲು ಹಾಸಿದಳು. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಮೂಲೆಯಲ್ಲಿ ಒಂದು ತುಂಡು ಇದ್ದಿಲು ಇಟ್ಟಳು. ಮೂರು ಮೊಟ್ಟೆಗಳನ್ನು ನಡುವೆ ಇಟ್ಟು, ತನ್ನ ಕೋಳಿಗಳಲ್ಲೇ ದೊಡ್ಡದನ್ನು ತಂದು ಕೂರಿಸಿದಳು. ಆ ಕೋಳಿಯ ಹೆಸರು ಯಜಮಾನಿ. ಕಾವಿಗೆ ಕೂತಾಗ ಯಾರಾದರೂ ಹತ್ತಿರ ಬಂದರೆ ಅದು ಮೈಯೆಲ್ಲ ಅದುರಿಸಿ "ಗುರ್ರ್ರ್" ಎನ್ನುತ್ತಿತ್ತು. ಮಂಚಯ್ಯನಂತೂ ಆ ದಾರಿಯನ್ನೇ ಬಿಟ್ಟಿದ್ದ.

"ಅಕ್ಕಾ, ಬಿಸಿ ಜಾಸ್ತಿ ಆಗಲ್ವಾ?" ಎಂದು ಪಚ್ಚಿ ಮೆಲ್ಲಗೆ ಕೇಳಿದಳು.

"ಮೊಟ್ಟೆ ಅಂದ್ಮೇಲೆ ಕಾವು ಬೇಕು ಕಣವ್ವಾ. ಎಷ್ಟು ಮೊಟ್ಟೆ ನೋಡಿದೀನಿ ನಾನು!"

ಮೂರನೇ ದಿನ ದ್ಯಾವಕ್ಕ ಬುಟ್ಟಿಗೆ ಕೈ ಹಾಕಿದಳು. ಒಂದು ಮೊಟ್ಟೆ ಒಣಗಿದ ದ್ರಾಕ್ಷಿಯ ಹಾಗೆ ಸುಕ್ಕಾಗಿತ್ತು. ಇಂಥದ್ದು ಅವಳ ಕೈಯಲ್ಲಿ ಎಂದೂ ಆಗಿರಲಿಲ್ಲ. ಕಾವು ಸಾಲಲಿಲ್ಲವೇನೋ ಎಂದುಕೊಂಡು ಇನ್ನಷ್ಟು ಹುಲ್ಲು ತುರುಕಿದಳು, ಬುಟ್ಟಿಯನ್ನು ಒಲೆಯ ಪಕ್ಕಕ್ಕೆ ಎಳೆದಳು. ಐದನೇ ದಿನ ಎರಡನೇ ಮೊಟ್ಟೆಯೂ ಸುಕ್ಕಾಯಿತು.

ಪಚ್ಚಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಎರಡು ಮೊಟ್ಟೆಗಳ ಪಕ್ಕದಲ್ಲಿ ಸುಮ್ಮನೆ ಕೂತಳು, ನೊಣ ಬಂದರೂ ನಾಲಿಗೆ ಚಾಚಲಿಲ್ಲ. ದ್ಯಾವಕ್ಕ ಒಲೆಯ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮಂಚಯ್ಯ ಅಂದು ತಮಾಷೆ ಮಾಡಲಿಲ್ಲ. ಅವಳ ಪಕ್ಕ ಬಂದು ಕೂತು, "ಕೋಳಿನೇ ಒಂದ್ಮಾತು ಕೇಳಮ್ಮೀ. ಮೊಟ್ಟೆ ಅದರ ಅಡೀಲಿ ತಾನೇ ಇರೋದು?" ಎಂದ.

ಯಜಮಾನಿ ಕೇಳುವುದನ್ನೇ ಕಾಯುತ್ತಿತ್ತು. "ನಾನೇ ಹೇಳೋಣ ಅಂತಿದ್ದೆ, ನೀನು ಯಾರ ಮಾತಾದ್ರೂ ಕೇಳೋಳಾ? ನಾನು ಕೂತ್ರೆ ಅವು ಬೇಯ್ತವೆ. ನಾನು ಕೊಕ್ಕಲ್ಲಿ ಹೊರಳಿಸಿದ್ರೆ ಒಳಗಿರೋ ಕೂಸು, ನನ್ನ ತಿರುಗಿಸ್ಬೇಡ, ನನ್ನ ತಿರುಗಿಸ್ಬೇಡ ಅಂತದೆ. ಇದು ನನ್ನ ಕೆಲ್ಸ ಅಲ್ಲ. ಉಳಿದಿರೋ ಒಂದನ್ನಾದ್ರೂ ಎತ್ಕೊಂಡು ಹೋಗು."

ದ್ಯಾವಕ್ಕ ಆ ಒಂದೇ ಒಂದು ಮೊಟ್ಟೆಯನ್ನು ಬೊಗಸೆಯಲ್ಲಿಟ್ಟುಕೊಂಡು ಗುಡಾಣದ ಹತ್ತಿರ ಬಂದಳು. ಎಲ್ಲಿಡಬೇಕು, ಹೇಗಿಡಬೇಕು, ಯಾವುದೂ ತಿಳಿಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳು, "ನಂಗೆ ಗೊತ್ತಿಲ್ಲ. ಯಾರಿಗಾದ್ರೂ ಗೊತ್ತಿದ್ರೆ ಹೇಳ್ರಪ್ಪಾ," ಎಂದಳು.

ಗುಡಾಣದೊಳಗೆ ಸರಸರ ಸದ್ದಾಯಿತು. ತಳದಲ್ಲಿದ್ದ ಹಳೆಯ ಹೊಂಗೆಯ ತರಗೆಲೆಯೊಂದು ಮಾತಾಡಿತು.

"ನನಗೆ ಕೊಡು. ನನ್ನ ಕೆಳಗೆ ಎರಡು ಬೆರಳು ಆಳಕ್ಕೆ ಮಣ್ಣಲ್ಲಿ ಇಡು. ತಂಪು ನಾನು ನೋಡ್ಕೋತೀನಿ, ತೇವಾನ ಮಣ್ಣು ನೋಡ್ಕೊಳ್ತದೆ. ಇಟ್ಟ ಮೇಲೆ ಹೊರಳಿಸ್ಬೇಡ. ಬಿಸಿ ಮಾಡ್ಬೇಡ. ಕೆದಕಿ ನೋಡ್ಬೇಡ."

"ಎಷ್ಟು ದಿನ? ಇಪ್ಪತ್ತೊಂದಾ?" ಎಂದಳು ದ್ಯಾವಕ್ಕ. ಕೋಳಿಮೊಟ್ಟೆಯ ಲೆಕ್ಕ ಅವಳಿಗೆ ಬಿಟ್ಟುಹೋಗಿರಲಿಲ್ಲ.

ತರಗೆಲೆ ನಕ್ಕಿತು. "ಅಂಥ ನಾಲ್ಕು ಇಪ್ಪತ್ತೊಂದು."

"ನಾಲ್ಕು ಇಪ್ಪತ್ತೊಂದಾ! ಅಷ್ಟು ದಿನ ನಾನೇನು ಮಾಡ್ಲಿ?"

"ಏನೂ ಮಾಡ್ಬೇಡ. ಅದೇ ನಿನ್ನ ಕೆಲ್ಸ."

ದ್ಯಾವಕ್ಕ ಬೆರಳಿನಿಂದ ಗುಳಿ ತೋಡಿ ಮೊಟ್ಟೆಯನ್ನು ಇಟ್ಟಳು, ಮಣ್ಣು ಮುಚ್ಚಿದಳು, ಮೇಲೆ ತರಗೆಲೆ ಎಳೆದಳು. ಪಚ್ಚಿ ಬಂದು ಸರಿಯಾಗಿ ಅದರ ಮೇಲೇ ಕೂತಳು. ತಾಯಿಯಲ್ಲವೇ, ಇನ್ನೆಲ್ಲಿ ಕೂರುತ್ತಾಳೆ? ಅರ್ಧ ಗಳಿಗೆಯೂ ಆಗಿರಲಿಲ್ಲ, ಕಾಗೆ ಹೊಂಗೆಮರದ ಮೇಲಿಂದ ಇಣುಕಿತು. ಗುಡಾಣದ ಒಳಗೆ ಹಸಿರು! ರೊಯ್ಯನೆ ಇಳಿಯಿತು. ದ್ಯಾವಕ್ಕ ಪೊರಕೆ ಬೀಸಿ "ಹುಶ್ ಹುಶ್" ಎಂದು ಅರಚಿದಳು. ಕಾಗೆ ಬೇಲಿಯ ಮೇಲೆ ಹೋಗಿ ಕೂತು ಕೊಕ್ಕು ಉಜ್ಜಿಕೊಂಡಿತು. ಅದಕ್ಕೇನೂ ಅವಸರವಿರಲಿಲ್ಲ.

"ಪಚ್ಚೀ," ಎಂದಿತು ತರಗೆಲೆ, "ನೀನು ಈ ಬಣ್ಣದಲ್ಲಿ ಇಲ್ಲಿ ಕೂತ್ರೆ, ಮೊಟ್ಟೆ ಇಲ್ಲೇ ಇದೆ ಬಾ ಅಂತ ಕಾಗೆನ ಕರೆದ ಹಾಗೆ. ನನ್ನ ಬಣ್ಣ ಉಟ್ಕೋ. ಉಟ್ಕೊಂಡು ಎದ್ದು ಹೋಗು. ಕತ್ತು ತಿರುಗಿಸಿ ನೋಡ್ಬೇಡ. ನೀನು ಎಲ್ಲಿ ನೋಡ್ತೀಯೋ ಕಾಗೆನೂ ಅಲ್ಲೇ ನೋಡ್ತದೆ."

ಪಚ್ಚಿ ತನ್ನ ಮೈಯನ್ನು ನೋಡಿಕೊಂಡಳು. ಅವಳಿಗೆ ತನ್ನ ಹಸಿರೆಂದರೆ ಪ್ರಾಣ. ಅವಳ ಅಮ್ಮನದೂ ಅದೇ ಹಸಿರು. ಮೋಟಣ್ಣ ಅವಳನ್ನು ಮೊದಲು ಕಂಡು ಮೆಚ್ಚಿದ್ದೂ ಆ ಹಸಿರನ್ನೇ.

"ನಿನಗೆ ಗುರ್ತು ಸಿಗ್ತೀನಾ?" ಎಂದು ಗಂಡನನ್ನು ಕೇಳಿದಳು.

"ಕಣ್ಮುಚ್ಕೊಂಡೇ ಗುರ್ತು ಹಿಡೀತೀನಿ," ಎಂದ ಮೋಟಣ್ಣ.

ಪಚ್ಚಿ ತರಗೆಲೆಗೆ ಮೈ ಒತ್ತಿದಳು. ತರಗೆಲೆಯ ಕಂದು ಬಣ್ಣ ಅವಳ ಬೆನ್ನಿಗೆ ಇಳಿಯಿತು. ಎಲೆಯ ನಡುವಿನ ನರ ಅವಳ ಪಕ್ಕೆಯ ಮೇಲೆ ಗೆರೆಯಾಯಿತು. ಎಲೆಯ ಮುದುರು ಅವಳ ಚರ್ಮದ ಮುದುರಾಯಿತು. ಅವಳು ಎದ್ದಳು, ಮೊಟ್ಟೆಗೆ ಬೆನ್ನು ಹಾಕಿದಳು, ನಡೆದಳು. ದ್ಯಾವಕ್ಕ ಉಸಿರು ಬಿಗಿಹಿಡಿದು ನೋಡಿದಳು. ಪಚ್ಚಿಯ ಕತ್ತು ಒಮ್ಮೆಯೂ ತಿರುಗಲಿಲ್ಲ. ಎಂಥಾ ಗಟ್ಟಿ ಜೀವವಪ್ಪಾ ಎಂದುಕೊಂಡಳು.

ಅಷ್ಟು ಜಂಬದಿಂದ ಹೇಳಿದ್ದ ಮೋಟಣ್ಣ ಸಂಜೆಯವರೆಗೂ ಹೆಂಡತಿಯನ್ನು ಹುಡುಕಿದ. ನಾಲ್ಕು ತರಗೆಲೆಗಳನ್ನು ಪಚ್ಚೀ ಎಂದು ಕರೆದ. ಐದನೆಯದು ನಕ್ಕಿತು, ಆಗ ಸಿಕ್ಕಳು. ಅವನೂ ಅದೇ ಬಣ್ಣ ಉಟ್ಟುಕೊಂಡ.

ಮರುದಿನ ಕಾಗೆ ಬಂತು. ಗುಡಾಣದ ಒಳಗೇ ಇಳಿದು ಅತ್ತ ಇತ್ತ ನಡೆದಾಡಿತು. ಪಚ್ಚಿಯ ಮೂಗಿನ ಮುಂದೆಯೇ ನಿಂತಿತು. "ಕಸ, ಬರೀ ಕಸ," ಎಂದು ಮೂಗು ಮುರಿದು ಹಾರಿಹೋಯಿತು. ದ್ಯಾವಕ್ಕ ಬಾಗಿಲ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ನಕ್ಕದ್ದೇನೋ ನಕ್ಕಳು, ಆದರೆ ಕಾಯುವುದು? ಅದು ಅವಳಿಗೆ ಬಾರದ ವಿದ್ಯೆ. ಮೊಟ್ಟೆಯನ್ನು ಹೊರಳಿಸಿ, ಎತ್ತಿ, ಬೆಳಕಿಗೆ ಹಿಡಿದು ನೋಡಿ ಅಭ್ಯಾಸವಾದ ಕೈಗಳು ಅವಳವು. ಸುಮ್ಮನೆ ಇರುವುದು ಅವಕ್ಕೆ ಗೊತ್ತಿರಲಿಲ್ಲ. ನೀರು ಒದರುವ ನೆಪದಲ್ಲಿ ಹೋಗುತ್ತಿದ್ದಳು, ಬೆರಳು ತಾನಾಗೇ ಮಣ್ಣಿನ ಕಡೆ ಇಳಿಯುತ್ತಿತ್ತು. ಜಗುಲಿಯಿಂದ ಮಂಚಯ್ಯ ಕೆಮ್ಮುತ್ತಿದ್ದ. ಬೆರಳು ವಾಪಸ್ಸು ಬರುತ್ತಿತ್ತು.

"ಹಗ್ಗ ತರ್ಲಾ ಅಮ್ಮೀ? ಕೈ ಕಟ್ಟಾಕ್ತೀನಿ."

"ನಿನ್ ಬಾಯಿಗೆ ಕಟ್ಕೋ ಹೋಗು!"

ಮೊದಲ ಇಪ್ಪತ್ತೊಂದು ಕಳೆಯಿತು. ಎರಡನೆಯದು ಕಳೆಯಿತು. ಮೂರನೆಯದು ಕಳೆಯುವ ಹೊತ್ತಿಗೆ ದ್ಯಾವಕ್ಕನಿಗೆ ಅನ್ನ ಸೇರಲಿಲ್ಲ. ಆ ಮೊಟ್ಟೆಯೂ ಸುಕ್ಕಾಗಿದ್ದರೆ? ಒಳಗೆ ಏನೂ ಇಲ್ಲದೆ, ತಾವೆಲ್ಲ ಬರೀ ಮಣ್ಣನ್ನು ಕಾಯುತ್ತಿದ್ದರೆ? ಒಂದು ಬೆಳಿಗ್ಗೆ ತಡೆಯಲಾರದೆ ಒಂದು ಕಡ್ಡಿ ಹಿಡಿದು ಬಂದಳು. ತರಗೆಲೆಯನ್ನು ಪಕ್ಕಕ್ಕೆ ಸರಿಸಿದಳು. ಕಡ್ಡಿಯ ತುದಿ ಮಣ್ಣಿಗೆ ತಾಗಿತು.

"ಅಕ್ಕಾ," ಎಂದಿತು ಜರಿಗಿಡದ ಕೆಳಗಿನ ಒಂದು ಎಲೆ. ಅದು ಪಚ್ಚಿ. "ಹೆತ್ತೋಳು ನಾನು. ನಾನೇ ಬಿಟ್ಟು ನಡೆದೆ. ನಿನ್ ಕೈಯಲ್ಲಿ ಒಂದು ಕಡ್ಡಿ ಬಿಡೋಕ್ಕಾಗಲ್ವಾ?"

ದ್ಯಾವಕ್ಕನಿಗೆ ನಾಚಿಕೆಯಾಯಿತು. ಕಡ್ಡಿಯನ್ನು ಎಸೆದಳು. ತರಗೆಲೆಯನ್ನು ಮೊದಲಿನ ಹಾಗೆ ಎಳೆದು ಮುಚ್ಚಿದಳು. ಆಮೇಲೆ ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ತಾನೇ ಕಾವಿಗೆ ಕೂತಳು. ಹೊಳೆಯ ಹತ್ತಿರ ಹೋದರೂ ಈಗ ಬಾಯಿ ಬಿಚ್ಚುತ್ತಿರಲಿಲ್ಲ. ದ್ಯಾವಕ್ಕನಿಗೆ ಹುಷಾರಿಲ್ಲವೇನೋ ಎಂದು ಹೊಳೆಯೇ ವಿಚಾರಿಸಿಕೊಂಡು ಹೋಯಿತು.

ನಾಲ್ಕನೇ ಇಪ್ಪತ್ತೊಂದು ಮುಗಿದ ದಿನ ಸಣ್ಣ ಮಳೆ ಬಂತು. ಮಳೆ ನಿಂತ ಮೇಲೆ ಹಳೆಯ ತರಗೆಲೆ ಸ್ವಲ್ಪ ಅಲುಗಾಡಿತು. ಗಾಳಿ ಇರಲಿಲ್ಲ. ಗಾಳಿಯೂ ಬೇಲಿಯ ಮೇಲೆ ಕೂತು ಉಸಿರು ಬಿಡದೆ ನೋಡುತ್ತಿತ್ತು.

ತರಗೆಲೆಯ ಅಂಚಿನಿಂದ ಒಂದು ಮೂಗು ಹೊರಬಂತು. ಆಮೇಲೆ ಒಂದು ಕಾಲು. ಆಮೇಲೆ, ಭತ್ತದ ಕಾಳಿಗಿಂತ ತುಸು ದೊಡ್ಡದಾದ ಒಂದು ಪೂರ್ತಿ ಗೋಸುಂಬೆ! ಹುಟ್ಟುವಾಗಲೇ ತರಗೆಲೆಯ ಬಣ್ಣ ಉಟ್ಟು ಬಂದಿತ್ತು. ಯಾರ ಮುಖವನ್ನೂ ನೋಡದೆ ನೆಟ್ಟಗೆ ಬಾಳೆಹಣ್ಣಿನ ಹತ್ತಿರ ಹೋಗಿ ನಾಲಿಗೆ ಬಿಟ್ಟು ಒಂದು ನೊಣ ಹಿಡಿಯಿತು. ಯಾರೂ ಕಲಿಸಿರಲಿಲ್ಲ.

"ಮರಿ! ಏಯ್, ಮರಿ ಬಂತು! ಬಾರೋ, ಬಾ!" ದ್ಯಾವಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಂಚಯ್ಯ ಜಗುಲಿಯಿಂದ ಹಾರಿದ ರಭಸಕ್ಕೆ ಪಂಚೆ ಮೊಳೆಗೆ ಸಿಕ್ಕಿ ಪರ್ರೆಂದು ಹರಿಯಿತು. ಅದನ್ನು ಅವನು ಗಮನಿಸಲೇ ಇಲ್ಲ. ಮೋಟಣ್ಣ ಸಿಕ್ಕಸಿಕ್ಕ ತರಗೆಲೆಗಳಿಗೆಲ್ಲ, ನಾನು ಅಪ್ಪ ಆದೆ, ನಾನು ಅಪ್ಪ ಆದೆ ಎಂದು ಹೇಳಿಕೊಂಡು ಓಡಾಡಿದ.

ದ್ಯಾವಕ್ಕ ತಡೆಯಲಾರದೆ ಮರಿಯನ್ನು ಅಂಗೈ ಮೇಲೆ ಎತ್ತಿಕೊಂಡಳು. ಅಂಗೈ ಬಿಸಿಯಾಗಿತ್ತು. ಮರಿ ಮೈಯೆಲ್ಲ ಅದುರಿಸಿ "ಗುರ್ರ್ರ್" ಎಂದಿತು.

"ಅಯ್ಯೋ! ಇದು ನನ್ ಮಾತು!" ಎಂದು ಕೋಳಿ ಯಜಮಾನಿ ದೂರದಿಂದಲೇ ಕೂಗಿತು. "ಐದು ದಿನ ನನ್ ಅಡೀಲಿ ಇದ್ದು ಇದೊಂದನ್ನ ಕಲ್ತದೆ ನೋಡು. ಮುಟ್ಬೇಡ ಅಂತ ಅದರರ್ಥ!"

ದ್ಯಾವಕ್ಕ ಬಿದ್ದು ಬಿದ್ದು ನಕ್ಕಳು. ಮರಿಯನ್ನು ಮೆತ್ತಗೆ ಕೆಳಗೆ ಬಿಟ್ಟಳು. ಇವತ್ತಿಗೂ ಕಿರುಗೋಸುಂಬೆಯನ್ನು ಅಂಗೈಯಲ್ಲಿ ಹಿಡಿದರೆ ಅದು ಗುರ್ರೆಂದು ನಡುಗುವುದು ಅದಕ್ಕೇ. ಕೇಳಿಸಿದ ತಕ್ಷಣ ನೀವೂ ಕೆಳಗೆ ಬಿಟ್ಟುಬಿಡಬೇಕು.

ಮರಿಯನ್ನು ಬಿಟ್ಟ ಮೇಲೆ ದ್ಯಾವಕ್ಕ ಪಚ್ಚಿಯನ್ನು ಹುಡುಕಿದಳು. ಜರಿಗಿಡದ ಕೆಳಗೆ ಅವಳು ಇನ್ನೂ ಮೊಟ್ಟೆಯ ಜಾಗಕ್ಕೆ ಬೆನ್ನು ಹಾಕಿಯೇ ನಿಂತಿದ್ದಳು.

"ಪಚ್ಚೀ, ಈಗ್ಲಾದ್ರೂ ತಿರುಗವ್ವಾ. ನಿನ್ ಮಗು ಬಂದಿದೆ. ಇಷ್ಟು ದಿನ ಹೆಂಗೆ ಮರೆತು ಇದ್ದೆ ತಾಯೀ? ನಿನ್ ಎದೆ ಗಟ್ಟಿ ಕಣೆ."

"ಮರೆಯೋದಾ?" ಎಂದಳು ಪಚ್ಚಿ. "ಹತ್ರ ಬಂದು ನೋಡಕ್ಕ."

ದ್ಯಾವಕ್ಕ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದಳು. ಪಚ್ಚಿಯ ಕತ್ತು ಮುಂದಕ್ಕಿತ್ತು. ಒಂದು ಕಣ್ಣೂ ಮುಂದಕ್ಕಿತ್ತು. ಇನ್ನೊಂದು ಕಣ್ಣು ಮಾತ್ರ ಪೂರ್ತಿ ಹಿಂದಕ್ಕೆ ಹೊರಳಿ, ಮೊಟ್ಟೆ ಇಟ್ಟ ಮಣ್ಣನ್ನೇ ನೋಡುತ್ತಿತ್ತು.

"ಕತ್ತು ತಿರುಗಿಸ್ಬೇಡ ಅಂತು ಎಲೆ. ತಿರುಗಿಸ್ಲಿಲ್ಲ. ಆದ್ರೆ ಈ ಕಣ್ಣು ಅವತ್ತಿಂದ ನನ್ ಮಾತು ಕೇಳ್ತಿಲ್ಲ ಅಕ್ಕಾ. ನೊಣ ಹಿಡಿಯುವಾಗ ಒಂದು ಗಳಿಗೆ ಮುಂದೆ ಬರ್ತದೆ, ಮತ್ತೆ ಅಲ್ಲಿಗೇ ಹೋಗ್ತದೆ."

ದ್ಯಾವಕ್ಕ ಅಳುತ್ತಲೂ ನಗುತ್ತಲೂ ಕೈ ಒದ್ದೆ ಮಾಡಿಕೊಂಡು ಬಂದು ಗುಡಾಣದ ಮೇಲೆ ಒದರಿದಳು. ಅಪ್ಪ, ಅಮ್ಮ, ಮಗು ಮೂವರೂ ಒಂದೇ ಜರಿಗಿಡದ ಹನಿಗಳನ್ನು ಕುಡಿದರು. ಮುಂದಿನ ಮೊಟ್ಟೆಗಳನ್ನು ಪಚ್ಚಿ ತಾನೇ ಮಣ್ಣು ತೋಡಿ ಇಟ್ಟಳು. ಅವುಗಳಿಂದ ಬಂದ ಮರಿಗಳಿಂದಲೇ ಲೋಕದ ಕಾಡುಗಳಿಗೆಲ್ಲ ಕಿರುಗೋಸುಂಬೆ ಹಬ್ಬಿದ್ದು.

ಯಾರದಾದರೂ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಕಿರುಗೋಸುಂಬೆ ತಾಯಿ ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ, ತರಗೆಲೆಯ ನಡುವೆ ತರಗೆಲೆಯಾಗಿ ಎದ್ದು ನಡೆದುಹೋಗುವುದನ್ನು ಕಂಡರೆ, ಎಂಥಾ ಕಲ್ಲೆದೆಯ ತಾಯಿ ಎನ್ನಬೇಡಿ. ಮೆಲ್ಲಗೆ ಬಗ್ಗಿ ಅವಳ ಮುಖ ನೋಡಿ: ಒಂದು ಕಣ್ಣು ದಾರಿಯ ಕಡೆಗಿರುತ್ತದೆ, ಇನ್ನೊಂದು ಇವತ್ತಿಗೂ ಹಿಂದಕ್ಕೇ ತಿರುಗಿರುತ್ತದೆ.